ಮೊದಲ ಕರಾವು ಕರುವಿಗೆ, ಗಿಣ್ಣ ಆಮೇಲೆ

ಯಲ್ಲಾಪುರದ ಅಣ್ಣನ ಪೋಸ್ಟ್ ನೋಡಿ ಸುಮ್ನೆ ಇರಲಾಗಲಿಲ್ಲ. ಆಕಳು ರಾತ್ರಿ ಕರು ಹಾಕಿದೆ. ಮಾಸು (ಕರುವಿನ ಹಿಂದೆ ಬೀಳುವ ಕಸ) ಬೀಳಲಿ ಅಂತ ಕಾದು ಬೆಳಿಗ್ಗೆ ಕರು ಬಿಟ್ಟಿದ್ದಾರೆ, ಮೊದಲ ಕರಾವು ಪೂರ್ತಿ ಗಿಣ್ಣಕ್ಕೆ ಹೋಗಿದೆ. ಈಗ ತಿಂಗಳ ಕರುವಿಗೆ ಕಾಲುಬಾಯಿ ಲಸಿಕೆ ಹಾಕಿಸಿ ‘ಇನ್ನು ಚಿಂತೆ ಇಲ್ಲ’ ಅಂತ ಬರೆದಿದ್ದಾರೆ. ಎರಡೂ ತಪ್ಪು ಮಾರಾಯ್ರೆ. ನಮ್ಮ ಕೊಟ್ಟಿಗೆಯಲ್ಲೂ ಹಿಂದೆ ಇದೇ ರೂಢಿ ಇತ್ತು, ಕರುಗಳಿಗೆ ಭೇದಿ ಹಿಡಿದರೆ ಎಲ್ಲರೂ ಮಳೆಯನ್ನು ಬೈಯುತ್ತಿದ್ದೆವು.

ಮನುಷ್ಯರಲ್ಲಿ ತಾಯಿಯ ಪ್ರತಿಕಾಯ, ಅಂದರೆ ರೋಗದ ವಿರುದ್ಧ ಹೋರಾಡುವ ಪ್ರೋಟೀನು, ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ದಾಟುತ್ತದೆ. ಆಕಳಲ್ಲಿ ದಾಟುವುದಿಲ್ಲ. ಎಲ್ಲ ಗಿಣ್ಣದ ಹಾಲಿನಿಂದಲೇ ಬರಬೇಕು. ಕರುವಿನ ಕರುಳು ಅದನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವುದು ಹೆಚ್ಚೆಂದರೆ ಮೊದಲ 24 ಗಂಟೆ, ಅದೂ 6 ಗಂಟೆ ದಾಟಿದ ಮೇಲೆ ಇಳಿಯುತ್ತಲೇ ಹೋಗುತ್ತದೆ. ಮಾಸು ಕಾಯುತ್ತಾ ಕೂತರೆ ಆ ಬಾಗಿಲು ಮುಚ್ಚುತ್ತಾ ಬಂದಿರುತ್ತದೆ. ನಾನು ಎರಡು ಗಂಟೆಯೊಳಗೆ ಕುಡಿಸುವುದು, ತೂಕದ ಹತ್ತನೇ ಒಂದು ಪಾಲು. 25 ಕೆಜಿ ಕ್ರಾಸ್ ಕರುವಿಗೆ ಎರಡೂವರೆ ಲೀಟರ್, ಒಂದೇ ಸಲ ಕುಡಿಯದಿದ್ದರೆ ಎರಡು ಸಲ. ನಮ್ಮ ನಾಟಿ ತಳಿ ಮಲೆನಾಡು ಗಿಡ್ಡದ ಕರು ಚಿಕ್ಕದು, ಅದಕ್ಕೆ ತಕ್ಕಷ್ಟು ಸಾಕು.

ಗಿಣ್ಣ ಗಟ್ಟಿಯಾಗುವುದು ಯಾಕೆ ಅಂದುಕೊಂಡಿದ್ದೀರಿ? ಇದೇ ಪ್ರೋಟೀನುಗಳು ಬಿಸಿಗೆ ಹೆಪ್ಪುಗಟ್ಟುವುದು. ಬೆಲ್ಲ ಏಲಕ್ಕಿ ಹಾಕಿ ನೆರೆಮನೆಗೆಲ್ಲ ಹಂಚುವುದು ಕರುವಿನ ಪಾಲನ್ನೇ. ಮರುದಿನದ ಹಾಲಲ್ಲೂ ಗಿಣ್ಣ ಆಗುತ್ತದೆ, ಸ್ವಲ್ಪ ಮೆತ್ತಗೆ ಅಷ್ಟೆ, ತಿನ್ನಿ.

ಕರು ಕುಡಿದು ಮಿಕ್ಕಿದರೆ ಆ ಮೊದಲ ಕರಾವನ್ನೇ, ಮುಂದೆ ತಾಯಿಯ ಗಿಣ್ಣದ ಹಾಲು ಸಿಗದ ಕರುವಿಗೆ ಅಂತ ಫ್ರೀಜರಿನಲ್ಲಿಡಿ. ಬಿಸ್ಲೇರಿ ಬಾಟಲಿ ಬೇಡ, ಕರಗಲು ಹೊತ್ತು ಹಿಡಿಯುತ್ತದೆ. ಜಿಪ್ ಕವರಿನಲ್ಲಿ ಚಪ್ಪಟೆಯಾಗಿ ಇಟ್ಟರೆ ಬೇಗ ಕರಗುತ್ತದೆ. ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಕರಗಿಸಿ, ಒಲೆ ಮೇಲೆ ಇಟ್ಟರೆ ಗಟ್ಟಿಯಾಗಿ ಗಿಣ್ಣವೇ ಆಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಪೂರ್ತಿ ಕರಗಿದ್ದನ್ನು ಮತ್ತೆ ಗಟ್ಟಿಮಾಡಿ ಇಡಬೇಡಿ. ಬಣ್ಣ ಹಳದಿ ಇದ್ದರೆ ಒಳ್ಳೆಯದು ಅನ್ನುವುದನ್ನೂ ನಂಬಬೇಡಿ. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಸಕ್ಕರೆ ಅಳೆಯಲು ಹಿಡಿಯುವ ಬ್ರಿಕ್ಸ್ ಮೀಟರಿನಲ್ಲಿ ಒಂದು ಹನಿ ಹಾಕಿ ನೋಡಿ, 22 ಅಥವಾ ಮೇಲೆ ಬಂದರೆ ಇಡಲು ಯೋಗ್ಯ. ಜೇನಿನವರ ಮೀಟರ್ ಸಾಲ ತರಬೇಡಿ, ಅದರ ಅಳತೆ ಶುರುವಾಗುವುದೇ 58ರಿಂದ.

ಇನ್ನು ಲಸಿಕೆ. ತಾಯಿಯಿಂದ ಬಂದ ಪ್ರತಿಕಾಯ ಲಸಿಕೆಯನ್ನೂ ರೋಗ ಅಂದುಕೊಂಡು ಹಿಡಿದು ಮುಗಿಸಿಬಿಡುತ್ತದೆ. ಕರುವಿನ ಮೈ ತನ್ನದೇ ಪ್ರತಿಕಾಯ ತಯಾರು ಮಾಡಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ತಾಯಿಯ ಪ್ರತಿಕಾಯ ಸುಮಾರು ಮೂರು ವಾರಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ, ಅದಕ್ಕೇ ಕಾಲುಬಾಯಿ ಲಸಿಕೆಯ ಮೊದಲ ಡೋಸ್ 4-5 ತಿಂಗಳಿಗೆ ಇಟ್ಟಿರುವುದು. ಅಣ್ಣ, ನಿಮ್ಮ ಕರುವಿಗೆ ಗಿಣ್ಣದ ಹಾಲು ತಡವಾಗಿ ಸಿಕ್ಕಿದ್ದರಿಂದ ಲಸಿಕೆ ಹಿಡಿದಿರಲೂಬಹುದು, ಆದರೆ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ನಾಲ್ಕು ತಿಂಗಳು ತುಂಬಿದ ಮೇಲೆ ಮತ್ತೆ ಹಾಕಿಸಿ, ತಿಂಗಳು ಬಿಟ್ಟು ಬೂಸ್ಟರ್, ಆಮೇಲೆ ಆರು ತಿಂಗಳಿಗೊಮ್ಮೆ. ಬೂಸ್ಟರ್ ಬಿಡುವವರೇ ಜಾಸ್ತಿ, ಆಮೇಲೆ ಲಸಿಕೆ ಸರಿ ಇಲ್ಲ ಅಂತ ಡಾಕ್ಟರ ಮೇಲೆ ಹರಿಹಾಯುತ್ತಾರೆ. ಹೆಣ್ಣು ಕರುವಾದರೆ ಬ್ರುಸೆಲ್ಲಾ (ಗಬ್ಬ ಕಳೆಯುವ ರೋಗ) ಲಸಿಕೆ 4ರಿಂದ 8 ತಿಂಗಳೊಳಗೆ, ಒಂದೇ ಸಲ. ಗಂಡಿಗೆ ಬೇಡ.

ನಾಯಿಮರಿ ಇದ್ದವರಿಗೂ ಇದೇ ಕತೆ. ಪಾರ್ವೋ (ಮರಿಗಳಿಗೆ ವಾಂತಿಭೇದಿ ತರುವ ರೋಗ) ಲಸಿಕೆ 6-8 ವಾರಕ್ಕೆ ಒಂದು ಹಾಕಿಸಿ ನಿಲ್ಲಿಸಬೇಡಿ. ತಾಯಿಯ ಪ್ರತಿಕಾಯ ಯಾವಾಗ ಮುಗಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ, ಹಾಗಾಗಿ 2-4 ವಾರಕ್ಕೊಮ್ಮೆ, ಕೊನೆಯದು 16 ವಾರ ತುಂಬಿದ ಮೇಲೆ.

ಹುಟ್ಟಿದ ಕರುವಿನ ಹೊಕ್ಕುಳಿಗೆ ಅರಿಶಿನ, ಬೂದಿ ಮೆತ್ತಬೇಡಿ. ನಾನು ಬೀಟಾಡಿನ್ ಅದ್ದುತ್ತೇನೆ. ಮತ್ತೆ, ತುಂಬು ಗಬ್ಬದ ಆಕಳು ಕೊಳ್ಳುವುದಾದರೆ ಎರಡು ತಿಂಗಳು ಮೊದಲೇ ತನ್ನಿ. ಪ್ರತಿಕಾಯ ಕೆಚ್ಚಲಿಗೆ ಇಳಿಯುವುದು ಕೊನೆಯ ಕೆಲವು ವಾರಗಳಲ್ಲಿ. ನಿನ್ನೆ ಬಂದು ಇವತ್ತು ಕರು ಹಾಕಿದರೆ ಗಿಣ್ಣದ ಹಾಲಲ್ಲಿರುವುದು ಹಳೆ ಕೊಟ್ಟಿಗೆಯ ರೋಗಗಳಿಗೆ ತಕ್ಕ ಪ್ರತಿಕಾಯ, ನಿಮ್ಮ ಕೊಟ್ಟಿಗೆಯದಕ್ಕಲ್ಲ.