ಅತ್ತೆ ಮೊದಲು ಚಾಪೆ ಬಿಟ್ಟು ಮಂಚದಲ್ಲಿ ಮಲಗಲಿ, ಮದುವೆಗೆ ಆಮೇಲೆ ಕರೆಯಿರಿ

ಪ್ರಶ್ನೆ: ನಮ್ಮ ಅತ್ತೆಗೆ 58 ವರ್ಷ. ಗರ್ಭಕಂಠದ ಕ್ಯಾನ್ಸರ್‌ನಿಂದ ಎರಡೂ ಮೂತ್ರನಾಳ ಒತ್ತಿಹೋಗಿ, ಎರಡು ತಿಂಗಳ ಹಿಂದೆ ಬೆನ್ನಿನ ಎರಡೂ ಕಡೆ ನೆಫ್ರಾಸ್ಟಮಿ ಟ್ಯೂಬ್ (ಮೂತ್ರಪಿಂಡದಿಂದ ನೇರವಾಗಿ ಮೂತ್ರವನ್ನು ಹೊರಗೆ ಬಿಡುವ ಕೊಳವೆ) ಹಾಕಿದ್ದಾರೆ. ಅವತ್ತಿನಿಂದ ಮೂತ್ರ ತುಂಬುವ ಎರಡು ಯೂರೋಬ್ಯಾಗ್ ಹಿಡಿದುಕೊಂಡೇ ಓಡಾಟ. ಹಾಸಿಗೆ ಒದ್ದೆಯಾದೀತೆಂದು ಮಂಚ ಬಿಟ್ಟು ಹಿಂದಿನ ಕೋಣೆಯಲ್ಲಿ ಚಾಪೆ ಮೇಲೆ ಮಲಗುತ್ತಾರೆ. ಬ್ಯಾಗ್ ತುಂಬಬಾರದೆಂದು ನೀರೇ ಕುಡಿಯುವುದಿಲ್ಲ. ವಾಸನೆ ಬರುತ್ತದೆ ಎಂದು ನನ್ನ ಓರಗಿತ್ತಿ ಮುಖದ ಮೇಲೇ ಅಂದುಬಿಟ್ಟಳು. ಮುಂದಿನ ತಿಂಗಳು ಅವಳ ಮಗಳ ಮದುವೆ. ‘ಇದನ್ನು ನೇತುಹಾಕಿಕೊಂಡು ಯಾರ ಎದುರು ನಿಲ್ಲಲಿ, ನಾನು ಬರಲ್ಲ’ ಅನ್ನುತ್ತಾರೆ ಅತ್ತೆ. ಬಲವಂತ ಮಾಡಬೇಡ ಅನ್ನುತ್ತಾರೆ ನಮ್ಮ ಯಜಮಾನರು. ಮೊಮ್ಮಗಳ ಮದುವೆ ತಪ್ಪಿಸಿಕೊಂಡರೆ ಆಮೇಲೆ ಕೊರಗುತ್ತಾರೆ ಅಂತ ನನಗೆ. ಏನು ಮಾಡಲಿ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಮದುವೆಯ ಮಾತನ್ನು ಹದಿನೈದು ದಿನ ಪಕ್ಕಕ್ಕಿಡಿ. ಇವತ್ತು ರಾತ್ರಿಯೇ ಆಗಬೇಕಾದ್ದು ಬೇರೆ ಇದೆ. ಯಾರಿಗೂ ತೊಂದರೆ ಕೊಡಬಾರದೆಂದು ಅತ್ತೆ ಹಿಡಿದಿರುವ ಚಾಪೆ, ಬಿಟ್ಟಿರುವ ನೀರು, ಎರಡೂ ಅವರ ಮೂತ್ರಪಿಂಡಕ್ಕೆ ಅಪಾಯ.

ಮೂತ್ರಪಿಂಡದಿಂದ ಬ್ಯಾಗಿಗೆ ಮೂತ್ರ ಇಳಿಯುವುದು ಇಳಿಜಾರಿನಿಂದ ಮಾತ್ರ. ನೆಲದ ಮೇಲೆ ಮಲಗಿದರೆ ಬ್ಯಾಗ್ ಬೆನ್ನಿನ ಮಟ್ಟಕ್ಕೇ ಬರುತ್ತದೆ. ಮೂತ್ರ ಕೊಳವೆಯಲ್ಲೇ ನಿಲ್ಲುತ್ತದೆ, ಹಿಂದಕ್ಕೂ ಹೋಗುತ್ತದೆ. ಸೋಂಕಿಗೆ ಅಷ್ಟು ಸಾಕು. ಬ್ಯಾಗಿನ ಬಾಯಲ್ಲಿರುವ ವಾಲ್ವ್ ಬ್ಯಾಗಿನೊಳಗೆ ಬಿದ್ದದ್ದನ್ನು ತಡೆಯುತ್ತದೆಯೇ ಹೊರತು ಕೊಳವೆಯಲ್ಲಿ ನಿಂತದ್ದನ್ನಲ್ಲ. ಹಾಗಾಗಿ ಮಂಚವೇ ಬೇಕು. ಎಡದ ಬ್ಯಾಗನ್ನು ಎಡಪಕ್ಕದ ಚೌಕಟ್ಟಿಗೆ, ಬಲದ್ದನ್ನು ಬಲಕ್ಕೆ, ಕೊಕ್ಕೆಯಿಂದ ತೂಗುಹಾಕಿ. ನೆಲಕ್ಕೆ ತಾಗಬಾರದು. ಮಗ್ಗುಲು ಬದಲಿಸಲು ಕೊಳವೆ ಸಡಿಲವಿರಲಿ. ಹಾಸಿಗೆ ಮೇಲೊಂದು ರಬ್ಬರ್ ಶೀಟ್ ಹಾಸಿದರೆ ಅವರ ಭಯವೂ ಇಳಿಯುತ್ತದೆ. ಆದರೆ ಟ್ಯೂಬಿನ ಬುಡದಿಂದಲೇ ಮೂತ್ರ ಜಿನುಗಿ ಡ್ರೆಸ್ಸಿಂಗ್ ಒದ್ದೆಯಾಗುತ್ತಿದ್ದರೆ ಶೀಟಿನಲ್ಲಿ ಮುಗಿಯುವ ಮಾತಲ್ಲ. ಟ್ಯೂಬ್ ಕಟ್ಟಿಕೊಂಡಿರಬಹುದು ಅಥವಾ ಜಾರಿರಬಹುದು, ಡಾಕ್ಟರಿಗೆ ತೋರಿಸಿ. ಚರ್ಮಕ್ಕೆ ಸೇರುವ ಜಾಗದಲ್ಲಿ ಟ್ಯೂಬಿನ ಮೇಲೆ ಪೆನ್ನಿನಿಂದ ಗುರುತು ಹಾಕಿಟ್ಟರೆ ಜಾರಿದ್ದು ತಕ್ಷಣ ಗೊತ್ತಾಗುತ್ತದೆ.

ಇನ್ನು ನೀರು. ಆ ಟ್ಯೂಬಿನ ದಪ್ಪ ಸುಮಾರು 3 ಮಿ.ಮೀ. ಒಳಗಿನ ದಾರಿ ಅದಕ್ಕಿಂತ ಸಣ್ಣದು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ, ಗಸಿ ಕೂತು, ಆ ದಾರಿ ಕಟ್ಟುತ್ತದೆ. ಓರಗಿತ್ತಿ ಹೇಳಿದ ವಾಸನೆಗೂ ಇದೊಂದು ಕಾರಣ. ಹೃದಯದ ತೊಂದರೆಗೋ ಊತಕ್ಕೋ ಡಾಕ್ಟರು ಮಿತಿ ಹಾಕಿಲ್ಲವಾದರೆ ದಿನಕ್ಕೆ 2ರಿಂದ 2.5 ಲೀಟರ್ ಬೇಕು. ಗಂಜಿ, ಮಜ್ಜಿಗೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ಎಳನೀರನ್ನು ಮಾತ್ರ ಕೇಳದೆ ಕೊಡಬೇಡಿ. ಕ್ರಿಯಾಟಿನಿನ್ (ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಅಂಶ) ಹೆಚ್ಚಿರುವವರಿಗೆ ಅದರ ಪೊಟ್ಯಾಸಿಯಂ ಕೆಟ್ಟದ್ದು.

ಮುಚ್ಚಿದ ಬ್ಯಾಗ್ ನಾರುವುದಿಲ್ಲ. ವಾಸನೆ ಬರುವುದು ಖಾಲಿ ಮಾಡಿದ ಮೇಲೆ ತುದಿಯಲ್ಲಿ ಉಳಿಯುವ ಹನಿಯಿಂದ, ಹಳೇ ಬ್ಯಾಗಿನಿಂದ, ಒದ್ದೆ ಡ್ರೆಸ್ಸಿಂಗ್‌ನಿಂದ. ಬ್ಯಾಗ್ 2 ಲೀಟರಿನದಾದರೂ ಅರ್ಧಕ್ಕೇ ಖಾಲಿ ಮಾಡಿ. ತುಂಬಿದ ಬ್ಯಾಗ್ ಎರಡು ಕೆಜಿ ತೂಗುತ್ತದೆ, ಆ ಭಾರವೆಲ್ಲ ಬೆನ್ನಿನ ಟ್ಯೂಬನ್ನು ಎಳೆಯುತ್ತದೆ. ಕೈ ಸೋಪಿನಿಂದ ತೊಳೆದು, ಕೆಳಗಿನ ನಳಿಕೆ ಜಗ್ಗಿನ ಅಂಚಿಗೆ ತಾಗದಂತೆ ಬಿಟ್ಟು, ಮುಚ್ಚಿದ ಮೇಲೆ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ. ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಬೇರೆ ಬೇರೆ ಬರೆದಿಡಿ. ಒಂದು ಕಡೆ ನಿಂತರೆ ಇನ್ನೊಂದರ ಲೆಕ್ಕದಲ್ಲಿ ಮುಚ್ಚಿಹೋಗಬಾರದು. ವಾರಕ್ಕೊಮ್ಮೆ ಹೊಸ ಬ್ಯಾಗ್ ಹಾಕಿ, ಹಳೆಯದನ್ನು ತೊಳೆದು ತಿಂಗಳುಗಟ್ಟಲೆ ಓಡಿಸಬೇಡಿ. ಬ್ಯಾಗೇ ನೇರಳೆ ಬಣ್ಣಕ್ಕೆ ತಿರುಗಿದರೆ ಹೆದರಿ ಹರಕೆ ಹೊರುವವರಿದ್ದಾರೆ. ಅದು ಮೂತ್ರದಲ್ಲಿರುವ ಬ್ಯಾಕ್ಟೀರಿಯಾದ ಕೆಲಸ, ಮಲಬದ್ಧತೆ ಇದ್ದವರಲ್ಲಿ ಹೆಚ್ಚು. ಡಾಕ್ಟರಿಗೆ ತೋರಿಸಿ ಮೂತ್ರ ಪರೀಕ್ಷೆ ಮಾಡಿಸಿ.

ಮೂತ್ರ ಇಳಿಯುವುದು ನಿಂತಿತೇ? ಮೊದಲು ಕೊಳವೆ ಮಡಿಚಿದೆಯೇ, ಅದರ ಮೇಲೆ ಮಲಗಿದ್ದಾರೆಯೇ, ನಡುವೆ ತಿರುಗಣೆ ಇದ್ದರೆ ಅದು ಮುಚ್ಚಿದೆಯೇ ನೋಡಿ. ಲಂಗದ ಲಾಡಿ ಟ್ಯೂಬಿನ ಮೇಲೇ ಬಿಗಿದಿರುವುದು ಬಹಳ ಸಾಮಾನ್ಯ. ಎಲ್ಲ ಸರಿಯಿದ್ದೂ ಎರಡು ಗಂಟೆಯಲ್ಲಿ ಹನಿ ಬರಲಿಲ್ಲವೆಂದರೆ, ಇಲ್ಲವೇ ಬೆನ್ನಿನ ಪಕ್ಕದಲ್ಲಿ ನೋವು ಶುರುವಾದರೆ, ಆಸ್ಪತ್ರೆಗೆ ಹೊರಡಿ. ಸಲೈನ್ ಬಿಟ್ಟು ತೊಳೆಯುವುದು ನಿಮಗೆ ಕಲಿಸಿದ್ದರೆ ಮಾತ್ರ ಮಾಡಿ, ಅದೂ 5 ಮಿ.ಲೀ., ಒತ್ತದೆ. ಮೂತ್ರಕೋಶದಂತೆ ಮೂತ್ರಪಿಂಡದ ಒಳಚೀಲ ಹಿಗ್ಗುವುದಿಲ್ಲ, ಅದರಲ್ಲಿ ಕೆಲವೇ ಮಿ.ಲೀ.ಗೆ ಜಾಗ. ಚಳಿಜ್ವರ 100.4 ಡಿಗ್ರಿ ದಾಟಿದರೆ, ಗಟ್ಟಿ ರಕ್ತ ಅಥವಾ ಹೆಪ್ಪು ಬಂದರೆ ಬೆಳಗಾಗಲೆಂದು ಕಾಯಬೇಡಿ. ಟ್ಯೂಬೇ ಕಿತ್ತು ಬಂದರೆ ಒಳಗೆ ತೂರಿಸಬೇಡಿ. ಶುದ್ಧ ಗಾಜ್ ಮುಚ್ಚಿ, ಕಿತ್ತ ಟ್ಯೂಬನ್ನೂ ತೆಗೆದುಕೊಂಡು ತಕ್ಷಣ ಹೋಗಿ. ಆ ದಾರಿ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಬಹುದು.

ಈಗ ಮದುವೆ. ಟ್ಯೂಬ್ ಹಾಕಿ ಎರಡು ತಿಂಗಳಾಯಿತು ಎಂದಿದ್ದೀರಿ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬದಲಿಸುತ್ತಾರೆ, ಅಂದರೆ ಸರಿಯಾಗಿ ಮದುವೆ ಹೊತ್ತಿಗೇ. ಬದಲಿಸಿದ ಒಂದೆರಡು ದಿನ ಮೂತ್ರ ನಸುಗೆಂಪಾಗಿರುತ್ತದೆ, ಆದ್ದರಿಂದ ಈಗಲೇ ಆಸ್ಪತ್ರೆಗೆ ಫೋನ್ ಮಾಡಿ, ಮದುವೆಗೆ ಒಂದು ವಾರ ಮೊದಲಿನ ದಿನ ಕೇಳಿ. ಮದುವೆ ದಿನಕ್ಕೆ 500 ಮಿ.ಲೀ.ಯ ಎರಡು ಲೆಗ್ ಬ್ಯಾಗ್ ತನ್ನಿ, ತೊಡೆಗೆ ಕಟ್ಟಿದರೆ ಸೀರೆಯೊಳಗೆ ಕಾಣುವುದಿಲ್ಲ. ಟ್ಯೂಬಿಗೆ ಅದರ ಮೂತಿ ಕೂರುತ್ತದೆಯೇ, ಬೆನ್ನಿನಿಂದ ತೊಡೆಗೆ ಉದ್ದ ಸಾಲುತ್ತದೆಯೇ ಎಂದು ಆಸ್ಪತ್ರೆಯ ನರ್ಸ್ ಹತ್ತಿರ ಮೊದಲೇ ನೋಡಿಸಿಕೊಳ್ಳಿ. ದಿನಕ್ಕೆ ಎರಡು ಲೀಟರ್ ಮೂತ್ರ ಬರುವವರಿಗೆ ಒಂದೊಂದು ಕಡೆ ಗಂಟೆಗೆ ಸುಮಾರು 40 ಮಿ.ಲೀ.; ಆ ಬ್ಯಾಗ್ ಅರ್ಧ ತುಂಬಲು ಆರು ಗಂಟೆ. ಈ ಲೆಕ್ಕವನ್ನು ಅತ್ತೆಗೆ ಬಾಯಲ್ಲಿ ಹೇಳಬೇಡಿ, ಮನೆಯಲ್ಲೇ ಒಂದು ದಿನ ಕಟ್ಟಿ ತೋರಿಸಿ. ಛತ್ರದಲ್ಲಿ ಕುರ್ಚಿ ಕೊಡಿ, ಊಟಕ್ಕೂ ನೆಲದ ಪಂಕ್ತಿ ಬೇಡ.

ನಿಮ್ಮ ಯಜಮಾನರು ಹೇಳಿದ್ದು ಸರಿ, ಬಲವಂತ ಬೇಡ. ಆದರೆ ಅವರು ಅಲ್ಲಿಗೇ ಕೈತೊಳೆದುಕೊಳ್ಳಬಾರದು. ಆ ಮಾತಾಡಿದವಳೇ ಮದುಮಗಳ ತಾಯಿ. ನೀವು ಅವಳ ಹತ್ತಿರ ಹೋದರೆ ಅದು ಓರಗಿತ್ತಿಯರ ಜಗಳವಾಗುತ್ತದೆ. ಅಣ್ಣನಾಗಿ ನಿಮ್ಮ ಯಜಮಾನರೇ ತಮ್ಮನಿಗೆ ಹೇಳಲಿ: ಇದು ಅಂಟುವ ಕಾಯಿಲೆಯಲ್ಲ, ಗಂಡ ಹೆಂಡತಿ ಇಬ್ಬರೂ ಬಂದು ಅಮ್ಮನನ್ನು ಕರೆಯಬೇಕು ಎಂದು. ಅತ್ತೆ ವಾರಗಟ್ಟಲೆ ಮಂಚದಲ್ಲಿ ಮಲಗಿ, ನೀರು ಕುಡಿದು, ಬ್ಯಾಗ್ ತಿಳಿಯಾಗಿರುವುದನ್ನು ಕಣ್ಣಾರೆ ಕಂಡ ಮೇಲೆ ನೀವೂ ಒಮ್ಮೆ ಕೇಳಿ. ‘ಮದುವೆಗೆ ಬರ್ತೀರಾ’ ಎಂದಲ್ಲ. ‘ಮುಹೂರ್ತಕ್ಕೆ ಹೋಗಿ ಅಕ್ಷತೆ ಹಾಕಿ, ಒಂದು ಗಂಟೆಯಲ್ಲಿ ಇಬ್ಬರೂ ವಾಪಸ್ ಬಂದುಬಿಡೋಣವಾ ಅತ್ತೆ’ ಎಂದು.