ಓದುಗರ ಪ್ರಶ್ನೆ: ಫಾರಿನ್ ಅನುಭವ ಕಮಿಟಿಗೆ ಉಪಯೋಗಕ್ಕೆ ಬರತ್ತಾ?

ಪ್ರಶ್ನೆ: ಐದು ವರ್ಷ ಜರ್ಮನೀಲಿದ್ದು ವಾಪಸ್ ಬಂದಿದೀನಿ. ಅಲ್ಲಿ ಊಟದ ಟೇಬಲ್ಲಲ್ಲಿ ಎಲ್ರೂ ಅವರ ಭಾಷೇಲಿ ಜೋಕ್ ಹೊಡೀತಿದ್ರೆ ನಾನು ಸುಮ್ನೆ ಹಲ್ಲು ಕಿರೀತಿದ್ದೆ. ಈಗ ಇಲ್ಲಿನ ಆಫೀಸಲ್ಲಿ ‘ನಿಮಗೆ ಫಾರಿನ್ ಅನುಭವ ಇದೆಯಲ್ಲ’ ಅಂತ ಡೈವರ್ಸಿಟಿ ಕಮಿಟಿಗೆ (ಎಲ್ಲಾ ಥರದ ಜನಕ್ಕೂ ಆಫೀಸಲ್ಲಿ ಜಾಗ ಇರ್ಲಿ ಅಂತ ನೋಡ್ಕೊಳ್ಳೋ ಕಮಿಟಿ) ಹಾಕಿದಾರೆ. ಆ ಅನುಭವದಿಂದ ನಿಜವಾಗ್ಲೂ ಏನಾದ್ರೂ ಆಗತ್ತಾ, ಇಲ್ಲ ಹಬ್ಬಕ್ಕೆ ಸೀರೆ ಉಟ್ಟು ಗ್ರೂಪ್ ಫೋಟೋ ಅಷ್ಟೇನಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಫೋಟೋ ತೆಗೆಸ್ಕೊಳ್ಳಿ, ಅದಕ್ಕೇನಂತೆ. ಆದ್ರೆ ಆ ಹಲ್ಲು ಕಿರಿದಿದ್ದನ್ನ ಮಾತ್ರ ಮರೀಬೇಡಿ, ನಿಮ್ಮ ಹತ್ರ ಇರೋ ಬಂಡವಾಳ ಅದೇ.

ಸ್ಟೆಫನಿ ಶರ್ಲಿ ಅಂತ ಒಬ್ರಿದ್ರು, 2025ರಲ್ಲಿ ತೀರ್ಕೊಂಡ್ರು. ಅಪ್ಪ ಜಡ್ಜ್, ಯೆಹೂದಿ ಅಂತ ನಾಜಿಗಳು ಕೆಲಸ ಕಿತ್ಕೊಂಡ್ರು, 1939ರಲ್ಲಿ ಐದು ವರ್ಷದ ಈ ಮಗುನ ಒಂಬತ್ತು ವರ್ಷದ ಅಕ್ಕನ ಜೊತೆ ವಿಯೆನ್ನಾದಿಂದ ರೈಲು ಹತ್ತಿಸಿ ಇಂಗ್ಲೆಂಡಿಗೆ, ಗುರುತಿಲ್ಲದವರ ಮನೆಗೆ ಕಳಿಸಿಬಿಟ್ರು. ಹೀಗೆ ಬದುಕುಳಿದ ಜೀವ ವೇಸ್ಟ್ ಆಗಬಾರದು ಅನ್ನೋದು ಅವರ ತಲೇಲಿ ಕೂತ್ಬಿಟ್ಟಿತ್ತು. 1962ರಲ್ಲಿ ಆರೇ ಆರು ಪೌಂಡ್ ಹಾಕಿ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದ್ರು, ಅದೂ ಮಕ್ಕಳಾದ್ವು ಅಂತ ಕೆಲಸ ಬಿಟ್ಟು ಕೂತಿದ್ದ ಹೆಂಗಸರನ್ನ ಹುಡುಕಿ, ಮನೆಯಿಂದಲೇ ಕೆಲಸ ಕೊಟ್ಟು (ನಾವು ಕೊರೋನಾ ಬಂದ್ಮೇಲೆ ಕಲಿತಿದ್ದು!). ಕ್ಲೈಂಟ್ ಫೋನ್ ಮಾಡಿದಾಗ ಹಿಂದೆ ಮಗು ಅಳೋದು ಕೇಳಬಾರದು ಅಂತ ಟೈಪಿಂಗ್ ಸದ್ದಿನ ಟೇಪ್ ಹಾಕ್ತಿದ್ರಂತೆ. ಹೆಣ್ಣು ಹೆಸರಿನ ಪತ್ರಕ್ಕೆ ಉತ್ತರ ಬರ್ತಿರ್ಲಿಲ್ಲ, ‘ಸ್ಟೀವ್’ ಅಂತ ಸೈನ್ ಹಾಕಿದ್ರೆ ಬರ್ತಿತ್ತು. ಮೊದಲ 300 ಜನರಲ್ಲಿ 297 ಹೆಂಗಸರೇ. ತಮಾಷೆ ಏನಂದ್ರೆ 1975ರಲ್ಲಿ ಲಿಂಗ ತಾರತಮ್ಯದ ವಿರುದ್ಧ ಕಾನೂನು ಬಂದಾಗ ಇವರೇ ಗಂಡಸರನ್ನೂ ಸೇರಿಸ್ಕೊಳ್ಳಬೇಕಾಯ್ತು.

ಹಾಗಂತ ಹೊರದೇಶಕ್ಕೆ ಹೋದೋರೆಲ್ಲ ಹೀಗೇ ಆಗ್ತಾರೆ ಅಂತಲ್ಲ ಮತ್ತೆ. ಅಮೆರಿಕಕ್ಕೆ ಹೋಗಿನೂ ಜಾತಿ ಕೇಳೋ ನಮ್ಮೋರು ಇದಾರೆ, ಅದಕ್ಕೇ 2023ರಲ್ಲಿ ಸಿಯಾಟಲ್ ನಗರದವರು ಜಾತಿ ತಾರತಮ್ಯ ಮಾಡಬಾರದು ಅಂತ ಕಾನೂನೇ ತಂದ್ರು.

ಹಾಗಾಗಿ ನಿಮ್ಮ ಜರ್ಮನಿ ಕಥೆ ಹೇಳೋದು ಎರಡು ನಿಮಿಷಕ್ಕೆ ಮುಗಿಸಿ, ನಿಮ್ಮಾಫೀಸಲ್ಲಿ ಈಗ ಯಾರು ಸುಮ್ನೆ ಹಲ್ಲು ಕಿರೀತಿದಾರೆ ನೋಡಿ. ಕಲಬುರ್ಗಿ ಕಡೆಯಿಂದ ಬಂದ ಹುಡುಗ ಬಾಯಿಬಿಟ್ರೆ ‘ಅವನ ಕನ್ನಡ ನೋಡು’ ಅಂತ ನಗೋರಿದಾರಾ? ಸಂಜೆ ಆರೂವರೆಗೆ ಮೀಟಿಂಗ್ ಇಟ್ರೆ ಡೇಕೇರಿಂದ ಮಗು ಕರ್ಕೊಂಡ್ಬರೋರು ಏನ್ಮಾಡ್ತಾರೆ? ಮೊದಲು ಆ ಮೀಟಿಂಗನ್ನ ಮೂರು ಗಂಟೆಗೆ ತನ್ನಿ. ಮ್ಯಾನೇಜರ್ ಮುಖ ಸಿಂಡರಿಸ್ತಾರೆ, ಸಿಂಡರಿಸ್ಲಿ ಬಿಡಿ.