ಬೋಗಾದಿಯ ಹೊಸ ಶಾಲೆಯೋ, ಸರಸ್ವತಿಪುರಂನ ಹಳೇ ಶಾಲೆಯೋ?

ನಿಮ್ಮ ಪ್ರಶ್ನೆ ಓದಿದೆ. ಮನೆ ಬೋಗಾದಿಯಲ್ಲಿ, ಮಗಳಿಗೆ ಜೂನ್‌ನಿಂದ ಒಂದನೇ ಕ್ಲಾಸು. ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಹೊಸ ಶಾಲೆ ಇದೆ. ಶುರುವಾಗಿ ಮೂರು ವರ್ಷ, ಸದ್ಯಕ್ಕೆ ಮೂರನೇ ಕ್ಲಾಸಿನವರೆಗೆ ಮಾತ್ರ. ಇನ್ನೊಂದು ಸರಸ್ವತಿಪುರಂ ಕಡೆಯ ಹಳೇ ಶಾಲೆ. ನಿಮ್ಮ ಯಜಮಾನರು ಓದಿದ್ದು ಅಲ್ಲೇ, ಮಾವನವರಿಗೂ ಅದೇ ಆಗಬೇಕು. ಸೀಟು ಎರಡೂ ಕಡೆ ಸಿಗುತ್ತೆ, ಎಲ್ಲಿಗೆ ಸೇರಿಸಲಿ ಅಂತ ಕೇಳಿದ್ದೀರಿ.

ನಾನು ಪ್ರೈಮರಿ ಮೇಡಂ. ಮೈಸೂರಿನಲ್ಲೇ ಒಂದು ಹಳೇ ಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿದೆ. ಆಮೇಲೆ ಆಗಷ್ಟೇ ಬಾಗಿಲು ತೆರೆದಿದ್ದ ಒಂದು ಶಾಲೆಗೆ ಸೇರಿದೆ. ಎರಡೂ ಕಡೆ ಜಾಸ್ತಿ ಪಾಠ ಮಾಡಿದ್ದು ಒಂದನೇ ಮತ್ತು ಎರಡನೇ ಕ್ಲಾಸಿಗೇ. ಆ ಅನುಭವದಿಂದ ಹೇಳುತ್ತೇನೆ, ಶಾಲೆಗೆ ಎಷ್ಟು ವಯಸ್ಸಾಯಿತು ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲ ಎರಡು ವರ್ಷ ನಿಮ್ಮ ಮಗಳಿಗೆ ಯಾರು ಪಾಠ ಮಾಡುತ್ತಾರೆ, ಅವರು ಅಲ್ಲಿ ನಿಲ್ಲುವವರಾ, ಅದನ್ನು ಮೊದಲು ತಿಳಿದುಕೊಳ್ಳಿ.

ಹಳೇ ಶಾಲೆಯ ಹೆಸರು ಬಹುಪಾಲು ಹೈಸ್ಕೂಲಿನಿಂದ ಬಂದದ್ದು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಗೇಟಿಗೆ ಫ್ಲೆಕ್ಸ್ ಕಟ್ಟುತ್ತಾರೆ, ಹೆಚ್ಚು ಅಂಕ ತೆಗೆದ ಮಕ್ಕಳ ಫೋಟೋ ಹಾಕುತ್ತಾರೆ. ಆ ಮಕ್ಕಳ ಶ್ರಮಕ್ಕೆ ಆ ಗೌರವ ಸಲ್ಲಲೇಬೇಕು. ಆದರೆ ಆರು ವರ್ಷದ ಮಗು ಹೋಗಿ ಕೂರುವುದು ಪ್ರೈಮರಿ ವಿಭಾಗದಲ್ಲಿ. ಎಷ್ಟೋ ಕಡೆ ಅದರ ಕಟ್ಟಡ ಬೇರೆ, ಮುಖ್ಯಶಿಕ್ಷಕರು ಬೇರೆ, ಮೇಡಂಗಳ ಸಂಬಳವೂ ಬೇರೆ. ನಿಮ್ಮ ಯಜಮಾನರಿಗೆ ಪಾಠ ಮಾಡಿದವರು ಈಗ ರಿಟೈರ್ ಆಗಿರುತ್ತಾರೆ. ಹಾಗಾಗಿ ಆ ಶಾಲೆ ಚೆನ್ನಾಗಿದೆಯಾ ಅಂತ ಯಾರನ್ನಾದರೂ ಕೇಳುವುದಾದರೆ, ಈಗ ಅಲ್ಲಿ ಒಂದು, ಎರಡನೇ ಕ್ಲಾಸಿನಲ್ಲಿರುವ ಮಕ್ಕಳ ಅಪ್ಪ ಅಮ್ಮಂದಿರನ್ನೇ ಕೇಳಿ.

ಒಂದು ಸೆಕ್ಷನ್ನಿನಲ್ಲಿ ಎಷ್ಟು ಮಕ್ಕಳು ಅನ್ನೋದೂ ಮುಖ್ಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದನೇ ಕ್ಲಾಸಿಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು. ಹೆಸರಿರುವ ಶಾಲೆಗಳಲ್ಲಿ 45, 50 ಮಕ್ಕಳು ಕೂರುವುದನ್ನು ನಾನೇ ಕಂಡಿದ್ದೇನೆ. 50 ಮಕ್ಕಳಿದ್ದರೆ ಎಂಥ ಒಳ್ಳೆಯ ಮೇಡಂಗೂ ಪ್ರತಿ ಮಗುವಿನ ಓದು ದಿನಾ ಕೇಳುವುದಕ್ಕೆ ಆಗುವುದಿಲ್ಲ. ಮುಂದಿನ ಬೆಂಚಿನವರು ಜೋರಾಗಿ ಹೇಳುತ್ತಾರೆ, ಹಿಂದಿನವರು ಬಾಯಿ ಆಡಿಸುತ್ತಾರೆ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಅನ್ನೋದು ಪರೀಕ್ಷೆಯಲ್ಲೇ ಗೊತ್ತಾಗುವುದು. ಮಾತು ಕಡಿಮೆ ಇರುವ ಮಗುವಿಗೆ ಇದರಿಂದ ತುಂಬಾ ನಷ್ಟ. ನಿಮ್ಮ ಮಗಳು ಹೊಸಬರ ಹತ್ತಿರ ಬೇಗ ಮಾತಾಡಲ್ಲ ಅಂತ ಬರೆದಿದ್ದೀರಿ. ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಮಾತೇ.

ಆದರೆ ಹಳೇ ಶಾಲೆಯಲ್ಲಿ ಒಂದು ದೊಡ್ಡ ಅನುಕೂಲ ಇದೆ. ಅಲ್ಲಿ ಅನುಭವಿ ಮೇಡಂಗಳು ಇರುತ್ತಾರೆ. ನಾನು ಸೇರಿದ ಹೊಸದರಲ್ಲಿ, ಪೆನ್ಸಿಲ್ ಹಿಡಿಯಲು ಕಷ್ಟಪಡುವ ಮಗುವನ್ನು ಹೇಗೆ ಪಳಗಿಸಬೇಕು ಅಂತ ತೋರಿಸಿಕೊಟ್ಟವರು ಪಕ್ಕದ ಕ್ಲಾಸಿನ ಹಿರಿಯ ಮೇಡಂ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಕ್ಲಾಸು ನೋಡಿಕೊಳ್ಳುತ್ತಿದ್ದರು, ಪಾಠ ನಿಲ್ಲುತ್ತಿರಲಿಲ್ಲ. ಹೊಸ ಶಾಲೆಯಲ್ಲಿ ಎಲ್ಲರೂ ಹೊಸಬರು. ಕೇಳೋಣ ಅಂದರೆ ಯಾರನ್ನು ಕೇಳುವುದು? ಎಷ್ಟೋ ಸಲ ವರ್ಷದ ಮಧ್ಯದಲ್ಲೇ ಮೇಡಂ ಬಿಟ್ಟುಹೋಗುತ್ತಾರೆ, ಸಂಬಳ ಸಾಲದು ಅಂತಲೋ ಬೇರೆ ಕಡೆ ಕೆಲಸ ಸಿಕ್ಕಿತು ಅಂತಲೋ. ದೊಡ್ಡ ಮಕ್ಕಳು ಅದನ್ನು ತಡೆದುಕೊಳ್ಳುತ್ತಾರೆ. ಒಂದನೇ ಕ್ಲಾಸಿನ ಮಗುವಿಗೆ ಮಾತ್ರ ಶಾಲೆ ಅಂದರೆ ಆ ಮೇಡಂ ಒಬ್ಬರೇ. ದಸರಾ ರಜೆ ಮುಗಿಸಿ ಬಂದಾಗ ಅಲ್ಲಿ ಬೇರೆ ಯಾರೋ ನಿಂತಿದ್ದರೆ, ಚೆನ್ನಾಗಿ ಓದುತ್ತಿದ್ದ ಮಗುವೂ ವಾರಗಟ್ಟಲೆ ಅಕ್ಷರ ಮುಟ್ಟದೆ ಸುಮ್ನೆ ಕೂತಿರುವುದನ್ನು ನೋಡಿದ್ದೇನೆ.

ಆದ್ದರಿಂದ ಹೊಸ ಶಾಲೆಗೆ ಹೋದಾಗ ಸ್ಮಾರ್ಟ್ ಬೋರ್ಡು, ಬಣ್ಣ ಬಳಿದ ಗೋಡೆ ನೋಡುತ್ತಾ ನಿಲ್ಲಬೇಡಿ. ಹೋದ ವರ್ಷ ಒಂದನೇ ಕ್ಲಾಸಿಗೆ ಯಾರಿದ್ದರು, ಈಗ ಎಲ್ಲಿದ್ದಾರೆ ಅಂತ ಕೇಳಿ. ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: ಶುರುವಿನ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳಲ್ಲಿ ಎಷ್ಟು ಜನ ಈಗ ಮೂರನೇ ಕ್ಲಾಸಿನಲ್ಲಿ ಉಳಿದಿದ್ದಾರೆ? ಅಲ್ಪಸ್ವಲ್ಪ ಹೋಗುವುದು ಸಹಜ, ವರ್ಗಾವಣೆ ಅದು ಇದು ಇರುತ್ತೆ. ಅರ್ಧಕ್ಕರ್ಧ ಟಿಸಿ ತಗೊಂಡು ಹೋಗಿದ್ದರೆ ಅದಕ್ಕೆ ಕಾರಣ ಇದ್ದೇ ಇರುತ್ತೆ. ಶಾಲೆಯವರು ಹೇಳದಿದ್ದರೂ ಸಂಜೆ ಗೇಟಿನ ಹತ್ತಿರ ಕಾಯುವ ತಾಯಂದಿರು ಹೇಳುತ್ತಾರೆ.

ಮೇಡಂ ಏನು ಓದಿದ್ದಾರೆ ಅಂತ ಕೇಳಲು ಸಂಕೋಚ ಬೇಡ. ಐದನೇ ಕ್ಲಾಸಿನವರೆಗೆ ಪಾಠ ಮಾಡುವುದಕ್ಕೆ ಇರುವ ತರಬೇತಿ ಡಿ.ಎಡ್, ಈಗ ಡಿ.ಎಲ್.ಎಡ್ ಅನ್ನುತ್ತಾರೆ. ಬಿ.ಎಡ್ ಮಾತ್ರ ಆಗಿದ್ದರೆ ಪ್ರೈಮರಿಗೆ ಅರ್ಹತೆ ಅಲ್ಲ ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಳೇ ಶಾಲೆಯಲ್ಲೂ ಈ ಪ್ರಶ್ನೆ ಕೇಳಿ.

ಇನ್ನು ನಾನು ತುಂಬಾ ನಂಬುವ ಒಂದು ಪರೀಕ್ಷೆ ಇದೆ. ಎರಡೂ ಶಾಲೆಯಲ್ಲಿ, ಈ ವರ್ಷದ ಒಂದನೇ ಕ್ಲಾಸಿನ ಕನ್ನಡ ನೋಟ್‌ಬುಕ್ ಒಂದೆರಡು ತೋರಿಸಿ ಅಂತ ಕೇಳಿ. ಪ್ರದರ್ಶನಕ್ಕೆ ಇಟ್ಟಿದ್ದು ಬೇಡ, ಯಾವುದಾದರೂ ಮಗುವಿನ ಚೀಲದಿಂದ ತೆಗೆದದ್ದು. (ಇಂಗ್ಲಿಷ್ ಮೀಡಿಯಂ ಆದರೂ ಕನ್ನಡ ಇರಲೇಬೇಕು, 2015ರ ಕಾಯ್ದೆ ಬಂದ ಮೇಲೆ ಯಾವ ಬೋರ್ಡಿನ ಶಾಲೆಗೂ ವಿನಾಯಿತಿ ಇಲ್ಲ.) ಮಗು ‘ಅಮ್ಮ’ ಅಂತ ಬರೆಯುವ ಕಡೆ ‘ಅಮ’ ಅಂತ ಬರೆದಿರುತ್ತೆ. ಕೆಲವು ಪುಸ್ತಕದಲ್ಲಿ ಪುಟದ ಮೇಲಿಂದ ಕೆಳಗೆ ಒಂದೇ ದೊಡ್ಡ ರೈಟ್ ಮಾರ್ಕು, ಪಕ್ಕದಲ್ಲಿ ಒಂದು ನಕ್ಷತ್ರ. ತಪ್ಪು ಹಾಗೇ ಕೂತಿರುತ್ತೆ. ಇನ್ನು ಕೆಲವು ಪುಸ್ತಕದಲ್ಲಿ ಮೇಡಂ ಆ ಪದದ ಕೆಳಗೆ ಗೀಟು ಎಳೆದು, ಪಕ್ಕದಲ್ಲಿ ಒತ್ತಕ್ಷರ ಹಾಕಿ ಸರಿಯಾಗಿ ಬರೆದಿರುತ್ತಾರೆ, ಅದರ ಕೆಳಗೆ ಮಗು ಮೂರು ಸಲ ತಿದ್ದಿರುತ್ತೆ. ಮೂರನೇ ಸಲಕ್ಕೆ ಮ ಅಕ್ಷರದ ಕೆಳಗಿನ ಒತ್ತು ಸರಿಯಾಗಿ ಕೂತಿರುತ್ತೆ. ಎರಡನೇ ಥರದ ಪುಸ್ತಕ ಕಂಡ ಶಾಲೆಗೆ ಧೈರ್ಯವಾಗಿ ಸೇರಿಸಿ, ಅದು ಹೊಸದಾಗಲಿ ಹಳೆಯದಾಗಲಿ.

ಮಕ್ಕಳು ಮನೆಗೆ ಹೊರಡುವಾಗ ಒಂದು ಚೀಲ ಎತ್ತಿ ನೋಡಿ. 2019ರ ಸರ್ಕಾರದ ಆದೇಶದಂತೆ ಒಂದು, ಎರಡನೇ ಕ್ಲಾಸಿನವರ ಚೀಲ 2 ಕೆಜಿ ಮೀರಬಾರದು, ಅವರಿಗೆ ಹೋಂವರ್ಕ್ ಕೊಡುವಂತೆಯೂ ಇಲ್ಲ. ಟಾಯ್ಲೆಟ್ಟಿನಲ್ಲಿ ನೀರು ಬರುತ್ತಾ, ಚಿಲಕ ಮಗುವಿನ ಕೈಗೆ ಎಟಕುತ್ತಾ ನೋಡಿ. ಹೆಣ್ಣುಮಕ್ಕಳು ಶಾಲೆಯಲ್ಲಿ ನೀರೇ ಕುಡಿಯದೆ ಸಂಜೆವರೆಗೆ ಇರುವುದು ಇದೇ ಕಾರಣಕ್ಕೆ.

ಕಾಗದ ಪತ್ರದ ವಿಷಯ. ಹಳೇ ಶಾಲೆಗೆ ಇದರ ತೊಂದರೆ ಅಷ್ಟಾಗಿ ಬರುವುದಿಲ್ಲ, ಹೊಸದರಲ್ಲಿ ನೋಡಲೇಬೇಕು. ಶಿಕ್ಷಣ ಇಲಾಖೆಯ ಮಾನ್ಯತೆ ಪತ್ರ ತೋರಿಸಲು ಹೇಳಿ. ಎಷ್ಟನೇ ಕ್ಲಾಸಿನವರೆಗೆ, ಯಾವ ಮಾಧ್ಯಮಕ್ಕೆ ಅಂತ ಅದರಲ್ಲಿ ಬರೆದಿರುತ್ತೆ. ಶಾಲೆಗೆ 11 ಅಂಕಿಯ ಯುಡೈಸ್ ಕೋಡ್, ಅಂದರೆ ಸರ್ಕಾರ ಪ್ರತಿ ಶಾಲೆಗೂ ಕೊಡುವ ಗುರುತಿನ ನಂಬರ್ ಇರಬೇಕು, ಕರ್ನಾಟಕದ್ದು 29ರಿಂದ ಶುರುವಾಗುತ್ತೆ. ಬೋರ್ಡಿನಲ್ಲಿ ಸಿಬಿಎಸ್‌ಇ ಅಂತ ಬರೆದಿದ್ದರೆ ಆ ಮಂಡಳಿಯ ಸಂಯೋಜನೆ (ಅಫಿಲಿಯೇಷನ್) ಸಿಕ್ಕಿದೆಯಾ, ಇಲ್ಲ ಬರೀ ಆ ಪಠ್ಯ ಓದಿಸುತ್ತಾರಾ ಅಂತ ಕೇಳಿ. ಇವೆರಡೂ ಒಂದೇ ಅಲ್ಲ. ಸಂಯೋಜನೆಯ ನಂಬರ್ ಕೊಟ್ಟರೆ ಸಿಬಿಎಸ್‌ಇ ವೆಬ್‌ಸೈಟಿನಲ್ಲೇ ನೋಡಬಹುದು. ಶಾಲೆಯವರು ಹಾರಿಕೆ ಉತ್ತರ ಕೊಟ್ಟರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ವಿಚಾರಿಸಿ. ಇದು ತೀರ್ಮಾನ ಆಗುವವರೆಗೆ ಒಂದು ರೂಪಾಯಿಯೂ ಕಟ್ಟಬೇಡಿ.

ಹಳೇ ಶಾಲೆಯಲ್ಲಿ ಮಗುವಿಗೆ ಇಂಟರ್‌ವ್ಯೂ ಇದೆ ಅಂದಿದ್ದಾರೆ ಅಂತ ಬರೆದಿದ್ದೀರಿ. ಅದೇ 2009ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಡೊನೇಷನ್ ತಗೊಳ್ಳುವಂತಿಲ್ಲ, ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ ಮಾಡಿ ಆರಿಸುವಂತಿಲ್ಲ. ಹಾಗೆ ಆರಿಸಿದರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಅದೂ ತಿಳಿದಿರಲಿ. ಏನೇ ಇರಲಿ, ಮಗಳನ್ನು ಆ ಇಂಟರ್‌ವ್ಯೂಗೆ ಅಂತ ಮನೆಯಲ್ಲಿ ಬಾಯಿಪಾಠ ಮಾಡಿಸಬೇಡಿ, ಪಾಪ.

ದೂರವೂ ಲೆಕ್ಕಕ್ಕೆ ಬರುತ್ತೆ. ಬೋಗಾದಿಯಿಂದ ಸರಸ್ವತಿಪುರಂ ಸ್ಕೂಟರ್‌ಗೆ ಏನೂ ಅಲ್ಲ. ಆದರೆ ವ್ಯಾನ್ ನೇರವಾಗಿ ಹೋಗುವುದಿಲ್ಲ, ಲೇಔಟ್ ಲೇಔಟ್ ಸುತ್ತಿ ಹೋಗುತ್ತೆ. ಮೊದಲು ಹತ್ತುವ ಮಗು ಕೊನೆಗೆ ಇಳಿಯುತ್ತೆ. ಬೆಳಗ್ಗೆ ತಿಂಡಿ ಸರಿಯಾಗಿ ತಿನ್ನದೆ ವ್ಯಾನ್ ಹತ್ತಿದ ಮಕ್ಕಳು ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುತ್ತಾರೆ. ನಡೆದು ಹೋಗುವ ಶಾಲೆಯಾದರೆ ಜೊತೆಗೆ ಓದುವ ಮಕ್ಕಳೇ ಸಂಜೆ ಬೀದಿಯಲ್ಲಿ ಆಟಕ್ಕೂ ಸಿಗುತ್ತಾರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ? ಮಾನ್ಯತೆ ಪತ್ರ ಸರಿಯಿದ್ದು, ಒಂದನೇ ಕ್ಲಾಸಿನ ಮೇಡಂ ಕಳೆದ ಎರಡು ವರ್ಷದಿಂದ ಅಲ್ಲೇ ಇದ್ದು, ಮಕ್ಕಳು 30ರ ಒಳಗಿದ್ದರೆ ಹೊಸ ಶಾಲೆಗೇ ಸೇರಿಸುತ್ತೇನೆ. ಮಾತು ಕಡಿಮೆ ಇರುವ ಮಗುವಿಗೆ ಚಿಕ್ಕ ಕ್ಲಾಸೇ ಒಳ್ಳೆಯದು. ಈ ಮೂರರಲ್ಲಿ ಮೇಡಂ ವಿಷಯ ಒಂದೇ ತಪ್ಪಿದರೂ ಹಳೇ ಶಾಲೆ. ಅಲ್ಲಿ ಮಕ್ಕಳು ಜಾಸ್ತಿ ಇದ್ದರೂ ಪಾಠ ಮಾಡಿ ಪಳಗಿದ ಕೈ ಇರುತ್ತೆ. ಓದಿಸುವ ಕೆಲಸ ನೀವು ಸಂಜೆ ಮನೆಯಲ್ಲಿ ಸ್ವಲ್ಪ ಹೊತ್ತು ಮಾಡಬೇಕಾಗುತ್ತೆ ಅಷ್ಟೇ.

ಮಾವನವರ ಹತ್ತಿರ ವಾದ ಮಾಡಲು ಹೋಗಬೇಡಿ. ಎರಡೂ ಶಾಲೆ ನೋಡುವಾಗ ಅವರನ್ನೂ ಕರೆದುಕೊಂಡು ಹೋಗಿ, ನೋಟ್‌ಬುಕ್ ಅವರ ಕೈಗೇ ಕೊಡಿ. ಹೊಸ ಶಾಲೆ ಅಂತ ತೀರ್ಮಾನವಾದರೆ, ಹಳೇ ಶಾಲೆಯಲ್ಲಿ ಆರನೇ ಕ್ಲಾಸಿಗೋ ಎಂಟನೇ ಕ್ಲಾಸಿಗೋ ಹೊರಗಿನ ಮಕ್ಕಳನ್ನು ತೆಗೆದುಕೊಳ್ಳುತ್ತಾರಾ ಅಂತ ಅವತ್ತೇ ಆಫೀಸಿನಲ್ಲಿ ಕೇಳಿಬಿಡಿ. ತೆಗೆದುಕೊಳ್ಳುತ್ತಾರೆ ಅಂದರೆ ಮೊಮ್ಮಗಳು ಮುಂದೆ ಅಲ್ಲಿಗೆ ಬರಬಹುದು ಅಂತ ಅವರಿಗೂ ಸಮಾಧಾನ ಇರುತ್ತೆ.